ಅಜ್ಜಿಯ ಖಾನೆಯಲ್ಲಿ ಸೊಸೆ

ಮಾರ್ಚ್ 4

ಬುಗುರಿಗೆ,

ಇದು ಕ್ಷೇಮಸಮಾಚಾರದ ಪತ್ರವಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಐದು ವರ್ಷದ ಮೇಲೆ ಕಡ್ಡಿಯ ಕೈಬರಹ ನೋಡಿ ಹುಬ್ಬೇರಿಸಿರುತ್ತೀಯ. ಏರಿಸು. ಕೆಲಸವಿದೆ, ಅದಕ್ಕೆ ಬರೆಯುತ್ತಿದ್ದೇನೆ. ಫೋನ್ ಮಾಡೋಣವೆಂದರೆ ನೀನಿರುವ ಕಡೆ ಮೊಬೈಲನ್ನು ಗೇಟಿನೊಳಗೇ ಬಿಡುವುದಿಲ್ಲವಂತೆ. ನಿಮ್ಮ ಕಚೇರಿಗೆ ಫೋನ್ ಮಾಡಿದಾಗ ಯಾರೋ ಒಬ್ಬರು, "ಕಾಗದ ಹಾಕಿ ಮೇಡಂ, ಅವರನ್ನ ಹುಡುಕ್ಕೊಂಡು ಬರೋಷ್ಟರಲ್ಲಿ ಕಾಗದಾನೇ ಬಂದಿರುತ್ತೆ" ಎಂದರು.

ದೊಡ್ಡ ದೊಡ್ಡ ತಟ್ಟೆಗಳನ್ನು ಆಕಾಶಕ್ಕೆ ತಿರುಗಿಸಿ ನಕ್ಷತ್ರಗಳ ಪಿಸುಮಾತು ಕೇಳುವವಳಿಗೆ ನಮ್ಮ ತಗಡಿನ ಪೆಟ್ಟಿಗೆ ನೆನಪಿದೆಯೋ ಇಲ್ಲವೋ. ಆದ್ದರಿಂದ ಹೊಸಬಳಿಗೆ ಹೇಳುವ ಹಾಗೆ ಹೇಳುತ್ತೇನೆ. ತಾನಾಗಿ ಉಸಿರಾಡಲಾರದ ಎಳೆಗೂಸುಗಳಿಗೆ ಉಸಿರು ಕೊಡುವ ಯಂತ್ರದ ಬೋರ್ಡುಗಳನ್ನು ಈಗಲೂ ನಾನೇ ಪರೀಕ್ಷಿಸುತ್ತಿದ್ದೇನೆ, ಅದೇ ಕಿಟಕಿ ಪಕ್ಕದ ಮೇಜಿನಲ್ಲಿ. ಪರೀಕ್ಷೆಯ ಪೆಟ್ಟಿಗೆಯೂ ಅದೇ, ಎಂಟು ಖಾನೆ, ಖಾನೆಗೊಂದು ಕಾರ್ಡು, ಕಾರ್ಡಿಗೆ ನಾವಿಟ್ಟ ನೆಂಟರ ಹೆಸರು. ಮೊದಲ ಖಾನೆಯಲ್ಲಿ ಅಜ್ಜಿ. ಕೂಸು ಉಸಿರೆಳೆದಂತೆ ನಟಿಸಿ ಬೋರ್ಡಿಗೆ ಸುಳ್ಳು ಉಸಿರು ಕಳಿಸುವವಳು ಅವಳು. ಪಕ್ಕದಲ್ಲಿ ಅತ್ತೆ, ವಿದ್ಯುತ್ ಬಡಿಸುವವಳು. ಅದರಾಚೆ ಅಣ್ಣ, ಉಸಿರು ಬಂದ ಕೂಡಲೇ ಬೋರ್ಡು ಗಾಳಿ ತಳ್ಳಿತೇ ಎಂದು ಕಿವಿಗೊಟ್ಟು ಕೇಳಿ ಹೊತ್ತು ಗುರುತಿಸುವವನು.

ಜನವರಿಯಲ್ಲಿ ಅಣ್ಣ ತೀರಿಕೊಂಡ. ಒಂದಿಷ್ಟು ಸುಟ್ಟ ವಾಸನೆ, ಅಷ್ಟೆ. ಅಂಥ ಕಾರ್ಡನ್ನು ಈಗ ಯಾರೂ ಮಾಡುವುದಿಲ್ಲ. ಅವನ ಜಾಗಕ್ಕೆ ಹೊಸ ಕಾರ್ಡು ಬಂತು. ನಮ್ಮ ಪದ್ಧತಿ ಬಿಡಬಾರದೆಂದು ಅವಳಿಗೆ ಸೊಸೆ ಎಂದು ಹೆಸರಿಟ್ಟು, ಚೀಟಿ ಅಚ್ಚು ಹಾಕಿ ಹಣೆಗೆ ಅಂಟಿಸಿ, ಕೊನೆಯ ಖಾನೆಯಲ್ಲಿ ಕೂರಿಸಿದೆ. ನೋಡಲು ಲಕ್ಷಣ, ಕೆಲಸದಲ್ಲಿ ಚುರುಕು. ಹತ್ತು ನಿಮಿಷದ ಸಣ್ಣ ಪರೀಕ್ಷೆಯಲ್ಲಿ ಎಲ್ಲ ಬೋರ್ಡೂ ಪಾಸು. ಬೆಳಗಿನಿಂದ ಸಂಜೆಯವರೆಗಿನ ದೊಡ್ಡ ಪರೀಕ್ಷೆಯಲ್ಲಿ ಎಲ್ಲವೂ ಫೇಲು. ಬೋರ್ಡು ಗಾಳಿ ತಳ್ಳುವುದು ತಡವಾಗುತ್ತಿದೆ ಎನ್ನುತ್ತಾಳೆ ಸೊಸೆ.

ನಲವತ್ತು ಬೋರ್ಡು ಟ್ರೇಗಳಲ್ಲಿ ಕೂತಿವೆ. ಒಂದಕ್ಕೂ ನಾನು ಪಾಸಾಯಿತೆನ್ನುವ ಹಸಿರು ಚುಕ್ಕೆ ಇಟ್ಟಿಲ್ಲ. ಗಡುವು ಸಾಹೇಬರು (ಈಗಿನ ಮೇಲಿನವರು, ಬಾಯಿ ತೆರೆದರೆ ಗಡುವು) ದಿನಕ್ಕೆರಡು ಸಲ ಬಂದು ಟ್ರೇ ನೋಡಿ ಹೋಗುತ್ತಾರೆ. ಬೋರ್ಡು ಕೆಟ್ಟಿದೆಯೋ ಪೆಟ್ಟಿಗೆ ಕೆಟ್ಟಿದೆಯೋ ನನಗೆ ಗೊತ್ತಾಗಬೇಕು. ಆ ಪೆಟ್ಟಿಗೆಯ ಒಳಗನ್ನು ನನ್ನಷ್ಟೇ ಬಲ್ಲವಳು ನೀನೊಬ್ಬಳು, ಬೇರೆ ದಾರಿಯಿಲ್ಲ.

ಇಷ್ಟೆ,
ಕಡ್ಡಿ


ಮಾರ್ಚ್ 11

ಕಡ್ಡೀ,

ಹುಬ್ಬೇರಿಸಿದೆ. ಇನ್ನೂ ಇಳಿದಿಲ್ಲ.

ಪತ್ರ ಬಂದಾಗ ನಾನು ಮೂರನೇ ತಟ್ಟೆಯ ಮೇಲಿದ್ದೆ. ಕೆಳಗಿನಿಂದ ಕಾವಲಿನವರು ಲಕೋಟೆ ಬೀಸಿ ತೋರಿಸಿದರು. ಇಲ್ಲಿ ಫೋನಷ್ಟೇ ಅಲ್ಲ ಕಣೇ, ಮೈಕ್ರೋವೇವ್ ಒಲೆಯೂ ನಿಷಿದ್ಧ. ನಕ್ಷತ್ರದಿಂದ ಬರುವ ಸದ್ದು ಎಷ್ಟು ಕ್ಷೀಣವೆಂದರೆ, ಯಾರಾದರೂ ಪಕ್ಕದ ಕೋಣೆಯಲ್ಲಿ ಹಾಲು ಬಿಸಿ ಮಾಡಿದರೂ ಮುಳುಗಿಹೋಗುತ್ತದೆ. ನಿನಗೆ ಈ ಜಾಗ ಹಿಡಿಸುತ್ತಿತ್ತು. ಹೋಗಲಿ, ಆ ಮಾತು ಬೇಡ.

ಮನೆಯಲ್ಲಿ ಒಂದು ಚೋಟುದ್ದದ ಜೀವವಿದೆ. ಅದಕ್ಕೆ ನಿನ್ನ ಪತ್ರ ಓದಿ ಹೇಳಿದೆ. "ಅಜ್ಜಿ ಯಾಕೆ ಸುಳ್ಳುಸುಳ್ಳೇ ಉಸಿರು ಬಿಡ್ತಾಳೆ?" ಎಂದು ಕೇಳಿತು. ಉತ್ತರ ಹೇಳುವಷ್ಟರಲ್ಲಿ ಇನ್ನೂ ನಾಲ್ಕು ಪ್ರಶ್ನೆ ಬಂತು. ನಾನೂ ಅದರ ದಾರಿಯನ್ನೇ ಹಿಡಿಯುತ್ತೇನೆ. ಮೊದಲನೆಯದು, ತಡ ಅನ್ನುವುದು ಶುರುವಿನಿಂದಲೇ ಇದೆಯೋ, ಬರುಬರುತ್ತಾ ಬೆಳೆಯುತ್ತದೆಯೋ? ಎಲ್ಲ ಬೋರ್ಡೂ ಒಂದೇ ಅಳತೆಯಲ್ಲಿ ತಡವೋ, ಒಂದೊಂದು ಒಂದೊಂದು ಥರವೋ? ಮಧ್ಯದಲ್ಲಿ ನಿಲ್ಲಿಸಿ ಮತ್ತೆ ಶುರು ಮಾಡಿದರೆ ಏನಾಗುತ್ತದೆ? ಕೊನೆಯದು, ಕಬ್ಬಿಣದ ಬೀರುವಿನಲ್ಲಿ ಬಟ್ಟೆ ಸುತ್ತಿಟ್ಟ ಮಾದರಿ ಬೋರ್ಡು ಇದೆಯಲ್ಲ, ಅದನ್ನು ಎಬ್ಬಿಸು. ಅದು ಸರಿಯಿದೆಯೆಂದು ನಮ್ಮಿಬ್ಬರಿಗೂ ಗೊತ್ತು. ಅದಕ್ಕೂ ಸೊಸೆ ತಡ ಎಂದರೆ ಕಥೆಯೇ ಬೇರೆ.

ನಾನು ಚುಕ್ಕೆ ಇಡುತ್ತಿದ್ದ ನೀಲಿ ಬಣ್ಣದ ಬಾಟಲಿ ಏನಾಯಿತು? ಒಣಗಿಹೋಯಿತೆಂದು ಎಸೆದಿರಬೇಕು.

ಇನ್ನೂ ತಿರುಗುತ್ತಿರುವ,
ಬುಗುರಿ


ಮಾರ್ಚ್ 19

ಬುಗುರಿಗೆ,

ನಿನ್ನ ಪ್ರಶ್ನೆಗಳಿಗೆ ಒಂದು ವಾರ ಕೂತೆ.

ತಡ ಶುರುವಿನಲ್ಲಿ ಇಲ್ಲವೇ ಇಲ್ಲ. ಆಮೇಲೆ ಒಂದೇ ಸಮನೆ ಬೆಳೆಯುತ್ತದೆ. ಒಂದು ಗಂಟೆಗೆ ಎಷ್ಟು ತಡವೋ, ಎರಡು ಗಂಟೆಗೆ ಅದರ ಎರಡರಷ್ಟು. ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ, ಆದರೆ ಸಂಜೆಯ ಹೊತ್ತಿಗೆ ಮಿತಿ ದಾಟಿರುತ್ತದೆ. ಗೀಟು ಎಳೆದು ನೋಡಿದೆ, ಗೋಡೆಗೆ ಏಣಿ ಒರಗಿಸಿದ ಹಾಗಿದೆ. ನಡುವೆ ಚಹಾಕ್ಕೆ ಎದ್ದಾಗ ನಿಲ್ಲಿಸಿ ಬಂದು ಮತ್ತೆ ಶುರು ಮಾಡಿದರೆ ತಡ ಮಾಯ, ಮತ್ತೆ ಸೊನ್ನೆಯಿಂದ ಏಣಿ. ನಲವತ್ತಕ್ಕೆ ನಲವತ್ತೂ ಹೆಚ್ಚುಕಡಿಮೆ ಒಂದೇ ಏಣಿ. ಹೆಚ್ಚುಕಡಿಮೆ ಎಂದೆ, ಯಾಕೆಂದರೆ ಮಧ್ಯಾಹ್ನದ ಮೇಲೆ ಏಣಿ ಇನ್ನಷ್ಟು ಕಡಿದಾಗುತ್ತದೆ. ಈ ಬೋರ್ಡುಗಳಿಗೆ ಮಧ್ಯಾಹ್ನ ತೂಕಡಿಕೆಯೋ ಏನೋ.

ಮಾದರಿ ಬೋರ್ಡನ್ನು ಎಬ್ಬಿಸಿದೆ. ಅದಕ್ಕೂ ಅದೇ ಏಣಿ.

ಎಷ್ಟು ಹಗುರವಾಯಿತು ಗೊತ್ತೇ? ಆ ಖುಷಿಯಲ್ಲಿ ಬಾಯಿ ತಪ್ಪಿ ಸಾಹೇಬರ ಮುಂದೆ, "ಪೆಟ್ಟಿಗೇನೇ ಸರಿಯಿಲ್ಲ ಸಾರ್" ಎಂದುಬಿಟ್ಟೆ. ಅವರು ತಕ್ಷಣ, "ಅಂದ್ರೆ ಬೋರ್ಡ್ ಸರಿಯಿದೆ ಅಂತಾಯ್ತು. ಸಣ್ಣ ಪರೀಕ್ಷೇಲಿ ಪಾಸಾಗಿದಾವಲ್ಲ, ಚುಕ್ಕೆ ಇಟ್ಟು ಕಳಿಸಿ" ಎಂದರು. ಹಾಗಲ್ಲ ಸಾರ್, ಸುಳ್ಳು ಹೇಳುವವರು ಬೈದರೂ ನಂಬುವ ಹಾಗಿಲ್ಲ, ಹೊಗಳಿದರೂ ನಂಬುವ ಹಾಗಿಲ್ಲ ಎಂದೆ. ಅವರು ಗಡಿಯಾರ ನೋಡಿಕೊಂಡರು.

ಅವರನ್ನು ಕೆಟ್ಟವರೆಂದುಕೊಳ್ಳಬೇಡ. ಎರಡು ಆಸ್ಪತ್ರೆಯವರು ಅವರಿಗೆ ದಿನಾ ಫೋನ್ ಮಾಡುತ್ತಿದ್ದಾರೆ, ಯಂತ್ರ ಎಲ್ಲಿ ಎಂದು. ಅದು ನನಗೂ ಕೇಳಿಸುತ್ತದೆ.

ಆ ಚೋಟುದ್ದದ್ದು ಯಾರು?

ಕಡ್ಡಿ


ಮಾರ್ಚ್ 26

ಕಡ್ಡೀ,

ನಿನ್ನ ಏಣಿಯ ಚಿತ್ರವನ್ನು ಊಟದ ಮೇಜಿನ ಮೇಲೆ ಹರಡಿಕೊಂಡು ಕೂತಿದ್ದೆ. ಸಾರು ಚೆಲ್ಲಿತು. ಆದರೂ ಓದಲು ಬರುತ್ತದೆ.

ನನಗೆ ಒಂದು ಗುಮಾನಿ. ಇಲ್ಲಿ ನಮ್ಮದೂ ಇದೇ ಪಾಡು. ಒಂದಕ್ಕೊಂದು ದೂರವಿರುವ ಎರಡು ತಟ್ಟೆಗಳು ಒಂದೇ ನಕ್ಷತ್ರವನ್ನು ಕೇಳಬೇಕಾದರೆ ಎರಡೂ ಒಂದೇ ಮಿಡಿತಕ್ಕೆ ಎಣಿಸಬೇಕು. ತಮ್ಮ ತಮ್ಮ ಕೈಗಡಿಯಾರ ನೋಡಿಕೊಂಡು ಎಣಿಸಿದರೆ ಮೊದಮೊದಲು ಎಲ್ಲ ಚೆನ್ನಾಗಿರುತ್ತದೆ, ಹೊತ್ತು ಕಳೆದಂತೆ ನಕ್ಷತ್ರ ಕಲಸಿಹೋಗುತ್ತದೆ. ನಿನ್ನ ಪೆಟ್ಟಿಗೆಯಲ್ಲೂ, ಎಲ್ಲ ಕಾರ್ಡುಗಳನ್ನು ಒಂದಕ್ಕೊಂದು ಜೋಡಿಸುವ ಬೆನ್ನುಹಲಗೆಯಲ್ಲಿ, ಅಂಥದೇ ಒಂದು ಮಿಡಿತ ಓಡುತ್ತದೆ. ಅಜ್ಜಿ ಕೊಡುತ್ತಾಳೆ, ಮಿಕ್ಕವರು ಅದಕ್ಕೆ ತಕ್ಕಂತೆ ಎಣಿಸುತ್ತಾರೆ. ಸೊಸೆ ಅದನ್ನು ಕೇಳಿಸಿಕೊಳ್ಳುತ್ತಿದ್ದಾಳೆಯೇ? ಅಥವಾ ಮೂಲೆಯಲ್ಲಿ ಬೇರೆ ಒಲೆ ಹೂಡಿದ್ದಾಳೆಯೇ?

(ಇದನ್ನು ನಮ್ಮಿಬ್ಬರಿಗೆ ಹೋಲಿಸಿ ನಾನೇನಾದರೂ ಬರೆಯುತ್ತೇನೆಂದು ಕಾಯಬೇಡ. ಬರೆಯುವುದಿಲ್ಲ.)

ಎರಡು ಪ್ರಯೋಗ ಮಾಡು. ಬೋರ್ಡನ್ನು ಪೂರ್ತಿ ತೆಗೆದುಹಾಕಿ, ಅಜ್ಜಿಯ ಬಾಯಿಂದ ಸೀದಾ ಸೊಸೆಯ ಕಿವಿಗೆ ಒಂದು ತಂತಿ ಎಳೆ. ನಡುವೆ ಯಾರೂ ಇಲ್ಲ. ಆಗಲೂ ಏಣಿ ಬಂದರೆ ಜಗಳ ಅವರಿಬ್ಬರದೇ. ಇನ್ನೊಂದು, ಆ ಮೇಜಿಗೆ ಮಧ್ಯಾಹ್ನದ ಮೇಲೆ ಬಿಸಿಲು ಬೀಳುತ್ತಿತ್ತು, ನಾನು ಕುರ್ಚಿ ಸರಿಸಿಕೊಳ್ಳುತ್ತಿದ್ದೆ, ನೀನು ಬೈಯುತ್ತಿದ್ದೆ. ಪೆಟ್ಟಿಗೆಗೆ ಬಿಸಿಲು ತಾಗದಂತೆ ರಟ್ಟು ಅಡ್ಡವಿಟ್ಟು ನೋಡು. ಒಬ್ಬೊಬ್ಬರ ಒಳಗೂ ಕೈಗಡಿಯಾರದಲ್ಲಿರುವಂಥ ಒಂದು ಹರಳು ಮಿಡಿಯುತ್ತಿರುತ್ತದೆ, ಅದಕ್ಕೆ ಬಿಸಿಯಾದರೆ ನಡಿಗೆ ಬದಲಾಗುತ್ತದೆ.

ಉತ್ತರ ಬರುವವರೆಗೆ ನನಗೆ ಇಲ್ಲಿ ಕೈಕಾಲು ಆಡುವುದಿಲ್ಲ. ಬೇಗ ಬರೆ.

ಬುಗುರಿ


ಏಪ್ರಿಲ್ 3

ಬುಗುರಿಗೆ,

ತಂತಿ ಎಳೆದೆ. ನಡುವೆ ಬೋರ್ಡಿಲ್ಲ, ಏನಿಲ್ಲ. ಏಣಿ ಹಾಗೇ ಇದೆ!

ರಟ್ಟು ಅಡ್ಡವಿಟ್ಟೆ. ಮಧ್ಯಾಹ್ನದ ಕಡಿದಾದ ಏರು ಹೋಯಿತು, ಏಣಿ ನೆಟ್ಟಗಾಯಿತು. ರಟ್ಟು ತೆಗೆದೆ, ಮತ್ತೆ ಕಡಿದಾಯಿತು. ಮೂರು ಸಲ ಇಟ್ಟು ತೆಗೆದು ಮಾಡಿದೆ, ಅವಶ್ಯವಿದ್ದುದು ಒಂದೇ ಸಲ. ಮಜವಾಗಿತ್ತು. ಈ ಮೇಜಿನಲ್ಲಿ ಒಬ್ಬಳೇ ಕೂತು ಹೀಗೆ ನಕ್ಕು ಎಷ್ಟು ದಿನವಾಗಿತ್ತೋ. ಪಕ್ಕದ ಮೇಜಿನ ಬೆಸುಗೆ ಅಕ್ಕ, "ಏನಮ್ಮ, ಪೆಟ್ಟಿಗೆ ಜೊತೆ ಕಣ್ಣಾಮುಚ್ಚಾಲೆ ಆಡ್ತಿದೀಯ?" ಎಂದರು.

ಆದರೆ ಕಂಪನಿಯ ಪುಸ್ತಿಕೆ "ಹಳೆಯ ಪೆಟ್ಟಿಗೆಯಲ್ಲೂ ಕೆಲಸ ಮಾಡುತ್ತದೆ" ಎನ್ನುತ್ತದೆ. ಪರದೆಯ ಮೇಲೆ ಯಾವ ದೂರೂ ಇಲ್ಲ. ಸೊಸೆ ಬೇರೆ ಒಲೆ ಹೂಡಿದ್ದಾಳೆ ಎಂದು ಗೊತ್ತಾಯಿತು, ಯಾಕೆ ಎಂದು ಗೊತ್ತಾಗಲಿಲ್ಲ.

ಇನ್ನೊಂದು ವಿಷಯ. ಸಾಹೇಬರು ಈ ತಿಂಗಳ ಕೊನೆಯನ್ನು ಗಡುವು ಮಾಡಿದ್ದಾರೆ. ಅಷ್ಟರೊಳಗೆ ಚುಕ್ಕೆ ಬೀಳದಿದ್ದರೆ ಬೋರ್ಡುಗಳು ಹೊರಗಿನ ಪರೀಕ್ಷಾಲಯಕ್ಕೆ ಹೋಗುತ್ತವೆ. ಅಲ್ಲಿ ಸಣ್ಣ ಪರೀಕ್ಷೆ ಮಾತ್ರ, ಹತ್ತು ನಿಮಿಷ, ಮುಗಿಯಿತು. ಪೆಟ್ಟಿಗೆ ಗುಜರಿಗೆ. ನನ್ನನ್ನು ಉಗ್ರಾಣದ ಕಡೆ ಹಾಕುತ್ತಾರಂತೆ. ಉಗ್ರಾಣಕ್ಕೆ ಹೋಗಲು ನನಗೆ ಬೇಜಾರಿಲ್ಲ. ಹತ್ತು ನಿಮಿಷ ನೋಡಿ ಕಳಿಸಿದ ಬೋರ್ಡು ಯಾವುದೋ ಕೂಸಿನ ತಲೆದೆಸೆಯಲ್ಲಿ ಹನ್ನೊಂದನೇ ನಿಮಿಷಕ್ಕೆ ಏನು ಮಾಡುತ್ತದೆ ಎನ್ನುವುದೊಂದೇ ನನ್ನ ಚಿಂತೆ.

ಮೊನ್ನೆ ನನ್ನ ಹಸಿರು ಬಾಟಲಿಯ ಮುಚ್ಚಳ ತೆರೆದು, ಕಡ್ಡಿ ಅದ್ದಿ, ಮೊದಲ ಬೋರ್ಡಿನ ಮೇಲೆ ಹಿಡಿದಿದ್ದೆ. ಎಲ್ಲರೂ ಇಷ್ಟು ಹೇಳುವಾಗ ನಾನೊಬ್ಬಳೇ ಮೊಂಡು ಹಿಡಿದಿದ್ದೇನೇನೋ ಅನ್ನಿಸಿತು. ಮತ್ತೆ ಮುಚ್ಚಿಟ್ಟೆ. ಎಷ್ಟು ದಿನ ಮುಚ್ಚಿಡುತ್ತೇನೋ ಗೊತ್ತಿಲ್ಲ.

ಕಡ್ಡಿ


ಏಪ್ರಿಲ್ 9

ಕಡ್ಡೀ,

ಮುಚ್ಚೇ ಇಡು. ದಯವಿಟ್ಟು. ನಾನು ನಿನ್ನನ್ನು ಯಾವತ್ತೂ ಏನೂ ಬೇಡಿಕೊಂಡವಳಲ್ಲ, ಇದೊಂದನ್ನು ಬೇಡಿಕೊಳ್ಳುತ್ತೇನೆ. ಕಾರಣ ಆಮೇಲೆ ಹೇಳುತ್ತೇನೆ.

ಈಗ ಕೆಲಸದ ಮಾತು. ನಿನ್ನ ಸೊಸೆಯಂಥವಳೇ ಇಲ್ಲೂ ಒಬ್ಬಳಿದ್ದಾಳೆ, ಅವಳ ಪುಸ್ತಿಕೆಯನ್ನು ಕೂತು ಓದಿದೆ. ಈಗಿನ ಕಾಲದ ಕಾರ್ಡುಗಳು ಬೆನ್ನುಹಲಗೆಯಿಂದ ಬಿರುಸಿನ ಮಿಡಿತ ಬಯಸುತ್ತವೆ, ನಮ್ಮ ಅಜ್ಜಿ ಒಂದು ಸಲ ಮಿಡಿಯುವಷ್ಟರಲ್ಲಿ ಹತ್ತು ಸಲ. ನಿನ್ನ ಹಳೆಯ ಪೆಟ್ಟಿಗೆಯಲ್ಲಿ ಆ ಬಿರುಸಿನ ದಾರಿಯೇ ಇಲ್ಲ, ನಿಧಾನದ್ದು ಮಾತ್ರ. ಬಯಸಿದ್ದು ಸಿಗದಿದ್ದರೆ ಈ ಕಾರ್ಡು ದೂರು ಹೇಳುವುದಿಲ್ಲ, ಮುಖ ಗಂಟಿಕ್ಕುವುದೂ ಇಲ್ಲ. ತನ್ನ ಒಳಗಿನ ಹರಳನ್ನೇ ನಂಬಿಕೊಂಡು ತನ್ನ ಪಾಡಿಗೆ ಕೆಲಸ ಶುರುಮಾಡುತ್ತದೆ. ಅದನ್ನೇ ಅವರು "ಹಳೆಯ ಪೆಟ್ಟಿಗೆಯಲ್ಲೂ ಕೆಲಸ ಮಾಡುತ್ತದೆ" ಎಂದು ಬರೆದದ್ದು. ಸುಳ್ಳಲ್ಲ ನೋಡು, ಆದರೆ ನಿಜವೂ ಅಲ್ಲ.

ಒಂದೇ ಒಂದು ಸುಳಿವು ಕೊಡುತ್ತದಂತೆ. ಕಾರ್ಡಿನ ಮುಖದ ಮೇಲ್ತುದಿಯಲ್ಲಿ ಸಾಸಿವೆ ಕಾಳಿನಷ್ಟು ದೀಪವಿದೆ. ಎಲ್ಲರ ಜೊತೆ ಎಣಿಸುತ್ತಿದ್ದರೆ ನಿಂತು ಉರಿಯುತ್ತದೆ. ಒಂಟಿಯಾಗಿ ಎಣಿಸುತ್ತಿದ್ದರೆ ಮಿಣಮಿಣ ಎನ್ನುತ್ತದೆ. ನಿನ್ನ ಸೊಸೆಯ ದೀಪ ಏನು ಮಾಡುತ್ತಿದೆ? ನೀನು ಅದರ ಮಾತೇ ಎತ್ತಿಲ್ಲವಲ್ಲ. ಏನನ್ನೂ ನೋಡದೆ ಬಿಡುವವಳಲ್ಲ ನೀನು, ಅದೇ ನನಗೆ ಆಶ್ಚರ್ಯ.

ಬುಗುರಿ


ಏಪ್ರಿಲ್ 16

ಬುಗುರೀ,

ದೀಪವೇ ಇಲ್ಲ ಎಂದು ನಿನಗೆ ಬರೆಯಲು ಕಾಗದ ತೆಗೆದುಕೊಂಡೆ. ಬರೆಯುವ ಮುಂಚೆ ಇನ್ನೊಂದು ಸಲ ನೋಡೋಣವೆಂದು ಭೂತಗನ್ನಡಿ ಹಿಡಿದು ಸೊಸೆಯ ಮುಖವನ್ನು ಇಂಚಿಂಚೂ ನೋಡಿದೆ. ತಂತಿಯ ಕಿಂಡಿಗಳಿವೆ, ತಿರುಪು ಇದೆ, ನಾನು ಅಂಟಿಸಿದ ಹೆಸರಿನ ಚೀಟಿ ಇದೆ. ದೀಪ ಇಲ್ಲ.

ಆಮೇಲೆ ಬೆಸುಗೆ ಅಕ್ಕ ನನ್ನ ಭುಜದ ಮೇಲಿಂದ ಬಗ್ಗಿ, "ಆ ಚೀಟಿ ಕೆಳಗೇನಿದೆ?" ಎಂದರು.

ನಗು, ಪೂರ್ತಿ ನಗು, ನಾನು ಕಾಯುತ್ತೇನೆ. ಉಗುರಿನಿಂದ ಚೀಟಿಯ ತುದಿ ಎಬ್ಬಿಸಿದೆ. ಕಿತ್ತಳೆ ಬಣ್ಣದ ದೀಪ, ಸಾಸಿವೆ ಕಾಳಿನಷ್ಟು, ಮಿಣಮಿಣ ಮಿಣಮಿಣ. ಫೆಬ್ರವರಿಯಿಂದ ಅವಳು ಅಲ್ಲಿ ಕೂತು ಹೇಳುತ್ತಲೇ ಇದ್ದಾಳೆ, ನಾನು ಅವಳ ಬಾಯಿಗೇ ಹೆಸರು ಅಂಟಿಸಿದ್ದೇನೆ. ಕಾರ್ಡಿಗೆ ನೆಂಟರ ಹೆಸರಿಡುವ ಈ ಹುಚ್ಚು ಪ್ರಪಂಚದಲ್ಲಿ ನಮ್ಮಿಬ್ಬರಿಗಲ್ಲದೆ ಇನ್ನಾರಿಗಿದೆ? ಶುರು ಮಾಡಿದವಳು ನೀನು, ಅದನ್ನೂ ನೆನಪಿಟ್ಟುಕೋ.

ನಕ್ಕಾಯಿತಾ? ಈಗ ಕೇಳು. ಅವಳಿಗೆ ಬೇಕಾದ ಬಿರುಸಿನ ಮಿಡಿತವನ್ನು ಈ ಪೆಟ್ಟಿಗೆ ಕೊಡಲಾರದು, ಒಪ್ಪಿದೆ. ಪುಸ್ತಿಕೆಯನ್ನು ತಲೆಕೆಳಗು ಮಾಡಿ ಓದಿದೆ. ಅವಳು ನಿಧಾನದ ಮಿಡಿತವನ್ನು ಕೇಳಿಸಿಕೊಳ್ಳಲಾರಳು, ಆದರೆ ಕೊಡಬಲ್ಲಳು! ಮೊದಲ ಖಾನೆಯಲ್ಲಿ ಕೂರಿಸಿದರೆ ತನ್ನ ಮಿಡಿತವನ್ನು ಹತ್ತರಿಂದ ಭಾಗಿಸಿ ಬೆನ್ನುಹಲಗೆಗೆ ಬಿಡುತ್ತಾಳಂತೆ. ಆಗ ಅಜ್ಜಿ, ಅತ್ತೆ ಎಲ್ಲರೂ ಅವಳ ಮಿಡಿತಕ್ಕೆ ಎಣಿಸಬಹುದು. ಕೊಡುವವರ ಖಾನೆ ಮೊದಲನೆಯದು ಮಾತ್ರ.

ಅಂದರೆ ಅಜ್ಜಿಯನ್ನು ಎಬ್ಬಿಸಬೇಕು. ನಾವು ಈ ಪೆಟ್ಟಿಗೆ ಜೋಡಿಸಿದ ಮೊದಲ ದಿನ ನೀನೇ ಅವಳನ್ನು ಅಲ್ಲಿ ಕೂರಿಸಿದೆ, ಹಿರಿಯರು ಮುಂದೆ ಇರಲಿ ಎಂದು. ಅಂದಿನಿಂದ ಅವಳನ್ನು ಯಾರೂ ಅಲುಗಿಸಿಲ್ಲ. ಅವಳು ಬೇರೆಯವರ ಮಿಡಿತಕ್ಕೆ ಎಣಿಸಿ ಅಭ್ಯಾಸವಿಲ್ಲದವಳು. ಎಬ್ಬಿಸಿ, ಸೊಸೆಯನ್ನು ಕೂರಿಸಿ, ಇಬ್ಬರೂ ಒಟ್ಟೊಟ್ಟಿಗೆ ಕೊಡಲು ಹೋಗಿ ಬೆನ್ನುಹಲಗೆಯೇ ಸುಟ್ಟರೆ? ಇನ್ನೊಂದು ಪೆಟ್ಟಿಗೆ ಎಲ್ಲೂ ಇಲ್ಲ. ಗಡುವಿಗೆ ಎರಡು ವಾರವಿದೆ. ನಿನ್ನ ಉತ್ತರ ಬರುವವರೆಗೆ ಕೈ ಹಾಕುವುದಿಲ್ಲ.

ಎಬ್ಬಿಸಲೇ?

ಕಡ್ಡಿ


ಏಪ್ರಿಲ್ 20

ಕಡ್ಡೀ,

ಎಬ್ಬಿಸು!

ಆದರೆ ಹೀಗೆ. ಅಜ್ಜಿಯ ಹೊಟ್ಟೆಯ ಎಡಬದಿಯಲ್ಲಿ ಒಂದು ಪುಟ್ಟ ಬಿಳಿ ಸ್ವಿಚ್ಚಿದೆ, ಮೇಲೆ ತಗಡಿನ ಮುಚ್ಚಳ. ನೀನು ನೋಡಿಲ್ಲ, ಅವತ್ತು ನೀನು ತಿರುಪು ಹುಡುಕಲು ಹೋಗಿದ್ದೆ. ಅದನ್ನು "ಕೊಡುವ" ಕಡೆಗೆ ತಳ್ಳಿದ್ದು ನಾನೇ, ಹಲ್ಲುಕಡ್ಡಿಯಲ್ಲಿ. ಪೆಟ್ಟಿಗೆ ಆರಿಸಿ, ಅಜ್ಜಿಯನ್ನು ಹೊರಗೆಳೆದು, ಮೊದಲು ಅದನ್ನು "ಕೇಳುವ" ಕಡೆಗೆ ತಳ್ಳು. ಆಮೇಲೆ ಅವಳನ್ನು ಮೂರನೇ ಖಾನೆಗೆ, ಸೊಸೆಯನ್ನು ಮೊದಲನೆಯದಕ್ಕೆ. ಸ್ವಿಚ್ಚು ಮರೆತರೆ ಮಾತ್ರ ನೀನು ಹೆದರಿದ್ದೇ ಆಗುತ್ತದೆ.

ಜೀಪು ಪಟ್ಟಣಕ್ಕೆ ಹೊರಟಿದೆ, ಚಾಲಕರು ಹಾರ್ನ್ ಹೊಡೆಯುತ್ತಿದ್ದಾರೆ, ಈ ಕಾಗದವನ್ನು ಅವರ ಕೈಗೆ ಕೊಡುತ್ತೇನೆ. ಅಜ್ಜಿ ಬೇಜಾರು ಮಾಡಿಕೊಳ್ಳುವುದಿಲ್ಲ, ಸುಳ್ಳು ಉಸಿರು ಬಿಡುವ ಕೆಲಸ ಅವಳಿಗೆ ಇದ್ದೇ ಇದೆ.

ಬು.


ಮೇ 2

ಬುಗುರೀ,

ಕೂತುಕೊಂಡು ಓದು.

ನಿನ್ನ ಕಾಗದ ಬಂದ ಮಧ್ಯಾಹ್ನವೇ ಪೆಟ್ಟಿಗೆ ಆರಿಸಿದೆ. ಅಜ್ಜಿಯನ್ನು ಎಳೆದರೆ ಬರುವುದಿಲ್ಲ, ಅಷ್ಟು ವರ್ಷದ ಧೂಳು ಹಿಡಿದುಕೊಂಡಿದೆ. ಬೆಸುಗೆ ಅಕ್ಕ ಒಂದು ಕಡೆ, ನಾನು ಒಂದು ಕಡೆ, ಮೆಲ್ಲಗೆ ಅಲುಗಿಸಿ ತೆಗೆದೆವು. ಮುಚ್ಚಳದ ಕೆಳಗೆ ನಿನ್ನ ಸ್ವಿಚ್ಚು ಇತ್ತು, ನೀನು ಹೇಳಿದ ಕಡೆಗೆ ತಳ್ಳಿದೆ, ಪಕ್ಕದಲ್ಲಿ ಮುರಿದ ಹಲ್ಲುಕಡ್ಡಿಯ ತುದಿಯೂ ಇತ್ತು. ಅದನ್ನು ಎತ್ತಿಟ್ಟುಕೊಂಡಿದ್ದೇನೆ. ಜಾಗ ಬದಲಾದದ್ದಕ್ಕೆ ತಂತಿಗಳು ಮೊಳ ಗಿಡ್ಡವಾದವು, ಅಕ್ಕ ಹೊಸದು ಮಾಡಿಕೊಟ್ಟರು. ಸೊಸೆಯ ಚೀಟಿಯನ್ನು ಈ ಸಲ ಕೆಳಗೆ ಅಂಟಿಸಿದೆ.

ಗುಂಡಿ ಒತ್ತಿದೆ. ದೀಪ ಒಂದೆರಡು ಸಲ ಮಿಣುಕಿ ಹಸಿರಾಗಿ ನಿಂತಿತು. ನಿಂತೇ ಇತ್ತು. ನಾವಿಬ್ಬರೂ ಅದನ್ನೇ ನೋಡುತ್ತಿದ್ದೆವು.

ಅಜ್ಜಿಯ ಬಾಯಿಂದ ಸೊಸೆಯ ಕಿವಿಗೆ ಅದೇ ತಂತಿ. ಬೆಳಗಿನಿಂದ ಸಂಜೆ. ಏಣಿ ಇಲ್ಲ ಕಣೇ, ನೆಲಕ್ಕೆ ಚಾಪೆ ಹಾಸಿದ ಹಾಗೆ ಗೀಟು. ಬಿಸಿಲು ಬಿತ್ತು, ಆಗಲೂ ಹಾಗೇ. ಬಿಸಿಯಾದರೆ ಸೊಸೆಯ ನಡಿಗೆ ಬದಲಾಗುತ್ತದೆ, ಆದರೆ ಈಗ ಎಲ್ಲರದೂ ಅವಳ ಜೊತೆಗೇ ಬದಲಾಗುತ್ತದೆ, ವ್ಯತ್ಯಾಸ ಉಳಿಯುವುದಿಲ್ಲ. ಆಮೇಲೆ ಮಾದರಿ ಬೋರ್ಡು. ಆಮೇಲೆ ನಲವತ್ತು ಬೋರ್ಡು, ಸಲಕ್ಕೆ ಎಂಟರಂತೆ, ಒಂದೊಂದಕ್ಕೂ ದೊಡ್ಡ ಪರೀಕ್ಷೆ, ಒಂದು ನಿಮಿಷವೂ ಕಡಿಮೆ ಮಾಡದೆ.

ಮೂವತ್ತೊಂಬತ್ತು ಪಾಸು.

ಒಂದು ಬೋರ್ಡು ಮಧ್ಯಾಹ್ನದವರೆಗೆ ಚೆನ್ನಾಗಿತ್ತು. ಆಮೇಲೆ ಅಲ್ಲೊಂದು ಇಲ್ಲೊಂದು ಉಸಿರು ತಪ್ಪಿಸಿತು. ತಡವಲ್ಲ, ಗಾಳಿ ತಳ್ಳುವುದನ್ನೇ ಮರೆಯಿತು. ಹಳೆಯ ಏಣಿಯ ಹೊತ್ತಿನಲ್ಲಿ ಅದೂ ಮಿಕ್ಕವುಗಳ ಜೊತೆ ಫೇಲಾಗಿತ್ತು, ಗುಂಪಿನಲ್ಲಿ ಗುರುತು ಸಿಕ್ಕಿರಲಿಲ್ಲ. ಸಾಹೇಬರು ಬಂದು ಅದನ್ನು ಕೈಯಲ್ಲಿ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಸಣ್ಣ ಪರೀಕ್ಷೇಲಿ ಇದು ಪಾಸಾಗಿತ್ತಾ?"

"ಆಗಿತ್ತು ಸಾರ್."

ಅವರು ಬೋರ್ಡನ್ನು ಮೇಜಿನ ಮೇಲೆ ಎರಡೂ ಕೈಯಿಂದ ಇಟ್ಟರು. ಗಡುವಿನ ಮಾತು ಆಡಲಿಲ್ಲ. ಪೆಟ್ಟಿಗೆಗೆ ಧೂಳು ಕೂರದಂತೆ ಒಂದು ಹೊದಿಕೆ ಹೊಲಿಸಿ ಎಂದು ಹೇಳಿ ಹೋದರು. ಮೂವತ್ತೊಂಬತ್ತು ಚುಕ್ಕೆ ಇಟ್ಟೆ.

ಬಾಟಲಿ ಮುಚ್ಚೇ ಇಡು, ಕಾರಣ ಆಮೇಲೆ ಹೇಳುತ್ತೇನೆ ಎಂದಿದ್ದೆ ನೀನು. ಈಗ ಹೇಳು. ಆ ಚೋಟುದ್ದದ್ದು ಯಾರು ಎಂದು ಕೇಳಿಯೂ ತಿಂಗಳಾಯಿತು.

ನಿನ್ನ ಕಡ್ಡಿ


ಮೇ 10

ನನ್ನ ಕಡ್ಡೀ,

ಅವಳು ನನ್ನ ಮಗಳು. ಮನೆಯಲ್ಲಿ ಅವಳನ್ನು "ಯಾಕಮ್ಮ" ಎಂದು ಕರೆಯುತ್ತೇವೆ, ಬಾಯಿ ತೆರೆದರೆ ಯಾಕೆ ಎನ್ನುವುದರಿಂದ. ನಾನು ಇಲ್ಲಿಗೆ ಹೊರಟಾಗ ಹೊಟ್ಟೆಯಲ್ಲಿದ್ದಳು. ಬೀಳ್ಕೊಡುಗೆಯ ಚಹಾದ ದಿನ ನಿನಗೊಬ್ಬಳಿಗೇ ಹೇಳಬೇಕೆಂದಿದ್ದೆ. ನೀನು ಬರಲಿಲ್ಲ. ಇಬ್ಬರೂ ಅರ್ಜಿ ಹಾಕಿದ್ದ ಕೆಲಸ ನನಗೊಬ್ಬಳಿಗೆ ಸಿಕ್ಕಿತ್ತು, ಬಾ ಎಂದು ನಾನು ಯಾವ ಮುಖ ಹೊತ್ತು ಕರೆಯಲಿ?

ಅವಳು ತುಂಬಾ ಮುಂಚೆ ಹುಟ್ಟಿದಳು. ಅಂಗೈಯಲ್ಲಿ ಹಿಡಿಸುತ್ತಿದ್ದಳು. ಪಟ್ಟಣದ ಆಸ್ಪತ್ರೆಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಇಟ್ಟರು, ಪಕ್ಕದಲ್ಲಿ ಉಸಿರಿನ ಯಂತ್ರ. ನೋಡಿದ ಕೂಡಲೇ ಗುರುತು ಹಿಡಿದೆ, ನಮ್ಮದೇ. ಗೊತ್ತಿಲ್ಲದವರಿಗೆ ಯಂತ್ರವೆಂದರೆ ಒಂದು ನಂಬಿಕೆ. ನನಗೆ ಅದರ ಒಳಗೆ ಏನೇನು ಕೆಡಬಹುದು ಎಂದು ಒಂದೊಂದೂ ಗೊತ್ತಿತ್ತು. ಎಷ್ಟೋ ದಿನ ಕಣ್ಣು ಮುಚ್ಚಲಿಲ್ಲ. ಅದು ಉಸಿರು ಕೊಡುವುದನ್ನೇ ಎಣಿಸುತ್ತಾ ಕೂತಿರುತ್ತಿದ್ದೆ, ನಾನು ಎಣಿಸುವುದು ಬಿಟ್ಟರೆ ಅದೂ ಬಿಡುತ್ತದೆ ಅನ್ನುವ ಹಾಗೆ.

ಒಂದು ಬೆಳಿಗ್ಗೆ, ಅವಳನ್ನು ಸ್ವಲ್ಪ ಹೊತ್ತು ಬೇರೆ ಯಂತ್ರಕ್ಕೆ ಹಾಕಿ, ಇದರ ಹಿಂದಿನ ಮುಚ್ಚಳ ತೆಗೆದು ಒರೆಸುತ್ತಿದ್ದರು. ಒಂದು ನಿಮಿಷ ನೋಡಲೇ ಎಂದು ಆ ತಂತ್ರಜ್ಞರನ್ನು ಕೇಳಿದೆ. ಬಗ್ಗಿ ನೋಡಿದೆ. ಬೋರ್ಡಿನ ಮೂಲೆಯಲ್ಲಿ ಹಸಿರು ಚುಕ್ಕೆ. ಎಡಕ್ಕೆ ತುಸು ಬಾಲ ಎಳೆದಿತ್ತು. ಎಡಗೈಯಲ್ಲಿ ಚುಕ್ಕೆ ಇಡುವವಳು ನೀನೊಬ್ಬಳೇ.

ದೊಡ್ಡ ಪರೀಕ್ಷೆ ಮುಗಿಯದೆ ನೀನು ಚುಕ್ಕೆ ಇಡುವುದಿಲ್ಲ. ಎಂದೂ ಇಟ್ಟಿಲ್ಲ. ಬೇರೆ ಯಾರ ಮಾತೂ ನನಗೆ ಸಮಾಧಾನ ತಂದಿರಲಿಲ್ಲ ಕಣೇ, ವೈದ್ಯರದ್ದೂ ಇಲ್ಲ, ನನ್ನ ಗಂಡನದ್ದೂ ಇಲ್ಲ. ಆ ಚುಕ್ಕೆ ನೋಡಿ ಹೊರಗೆ ಬಂದು ಪಡಸಾಲೆಯ ಬೆಂಚಿನ ಮೇಲೆ ಮಲಗಿದೆ. ಅವಳು ಹುಟ್ಟಿದಂದಿನಿಂದ ಮೊದಲ ಸಲ ನಿದ್ದೆ ಮಾಡಿದೆ. ಏಳುವಾಗ ಸಂಜೆಯಾಗಿತ್ತು.

ಆಗಲೇ ನಿನಗೆ ಬರೆಯಬೇಕಿತ್ತು. ಬರೆಯಲು ಕೂತಾಗಲೆಲ್ಲ ಎಲ್ಲಿಂದ ಶುರು ಮಾಡಬೇಕೋ ತಿಳಿಯಲಿಲ್ಲ. ಅದಕ್ಕೇ ನೀನು ಬಾಟಲಿ ತೆರೆದೆ ಎಂದು ಬರೆದಾಗ ಹಾಗೆ ಬೇಡಿಕೊಂಡೆ.

ಈಗ ಅವಳಿಗೆ ನಾಲ್ಕು ವರ್ಷ. ಮರ ಹತ್ತುತ್ತಾಳೆ, ಇಳಿಯಲು ಬರುವುದಿಲ್ಲ. ನಿನ್ನ ಚುಕ್ಕೆಯ ಕಥೆ ಹೇಳಿದೆ. ಅವಳು ಕೇಳಿದ್ದು ಒಂದೇ, "ಹಸಿರೇ ಯಾಕೆ?" ನನಗೆ ಉತ್ತರ ನೆನಪಿಲ್ಲ. ನಿನ್ನನ್ನೇ ಕೇಳಿ ಹೇಳುತ್ತೇನೆ ಎಂದಿದ್ದೇನೆ. ದಿನಾ ಅಂಚೆಯವರನ್ನು ಕಾಯುತ್ತಿದ್ದಾಳೆ.

ನಿನ್ನ ಬುಗುರಿ


ಮೇ 17

ಯಾಕಮ್ಮನಿಗೆ,

ನಿನ್ನಮ್ಮನಿಗೆ ಬೇರೆ ಕಾಗದ ಬರೆಯಬೇಕೆಂದು ಎರಡು ದಿನ ಕೂತೆ. ಅಕ್ಷರ ನೆಟ್ಟಗೆ ಬರಲಿಲ್ಲ. ಆದ್ದರಿಂದ ಇದು ನಿನಗೆ, ಅಮ್ಮ ಓದಿ ಹೇಳಲಿ.

ಒಳ್ಳೆಯ ಪ್ರಶ್ನೆ ಕೇಳಿದ್ದೀಯ. ನಾವು ಕೆಲಸಕ್ಕೆ ಸೇರಿದ ಮೊದಲ ದಿನ ಮೇಜಿನ ಮೇಲೆ ಎರಡು ಬಾಟಲಿ ಇಟ್ಟಿದ್ದರು, ಒಂದು ನೀಲಿ, ಒಂದು ಹಸಿರು. ಯಾರು ಪರೀಕ್ಷಿಸಿದ್ದೆಂದು ತಿಳಿಯಲು ಒಬ್ಬೊಬ್ಬರಿಗೆ ಒಂದೊಂದು ಬಣ್ಣ. ನನಗೂ ನೀಲಿಯೇ ಬೇಕಿತ್ತು. ನಾನು ಕೈ ಚಾಚುವಷ್ಟರಲ್ಲಿ ನಿನ್ನಮ್ಮ ಅದನ್ನು ಎತ್ತಿಕೊಂಡುಬಿಟ್ಟಿದ್ದಳು. ಅದಕ್ಕೇ ಹಸಿರು. ಬೇರೆ ಕಾರಣವೇನೂ ಇಲ್ಲ.

ಬಸ್ಸು ಎಲ್ಲಿಯವರೆಗೆ ಬರುತ್ತದೆ, ಅಲ್ಲಿಂದ ಜೀಪು ಎಷ್ಟು ಹೊತ್ತಿಗೆ ಸಿಗುತ್ತದೆ ಎಂದು ಅಮ್ಮನನ್ನು ಕೇಳಿ ಬರೆಸು. ಸಾಹೇಬರು ನನಗೆ ರಜೆ ಕೊಟ್ಟಿದ್ದಾರೆ, ಗಡುವು ಹಾಕದೆ. ಫೋನನ್ನು ಮನೆಯಲ್ಲೇ ಬಿಟ್ಟು ಬರುತ್ತೇನೆ. ನೀನು ಮರದಿಂದ ಹೇಗೆ ಇಳಿಯುವುದಿಲ್ಲ ಎಂದು ನನಗೂ ನೋಡಬೇಕು.

ಇನ್ನೊಂದು ಮಾತು, ಇದನ್ನು ಅಮ್ಮನಿಗೆ ಹೇಳು. ಅವಳ ನೀಲಿ ಬಾಟಲಿಯನ್ನು ನಾನು ಎಸೆದಿಲ್ಲ. ಅವಳ ಮೇಜಿನ ಖಾನೆಯಲ್ಲೇ ಇದೆ. ಆ ಬಣ್ಣ ಬಳಸದೆ ಇಟ್ಟರೆ ಒಣಗಿ ಕಲ್ಲಾಗುತ್ತದೆ. ಅದಕ್ಕೆ ಪ್ರತಿ ಸೋಮವಾರ ಬೆಳಿಗ್ಗೆ ಮುಚ್ಚಳ ತೆಗೆದು, ತೆಳುವಾಗುವಷ್ಟು ಎಣ್ಣೆ ಬಿಟ್ಟು, ಕಡ್ಡಿಯಿಂದ ಕಲಕಿ ಇಡುತ್ತೇನೆ. ಅವಳು ಹೋದಂದಿನಿಂದಲೂ.

ಇನ್ನೂ ಒದ್ದೆಯಾಗಿದೆ.

ನಿನ್ನ ಕಡ್ಡಿ ಅತ್ತೆ